ತೊಟ್ಟಿ ತೊಳೆದಂತೆ ಕೊಳ ತೊಳೆಯಬೇಡಿ

(ಶಿವಮೊಗ್ಗದಲ್ಲಿ ಕೈತೋಟದ ಆಸಕ್ತರು ಒಂದು ಭಾನುವಾರ ಬೆಳಿಗ್ಗೆ ಸೇರಿದ್ದಾಗ ಹಿತ್ತಲ ಕೊಳದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹನ್ನೆರಡು ವರ್ಷಗಳ ಹಿಂದೆ ನಮ್ಮ ಹಿತ್ತಲಿನಲ್ಲಿ ಮೊದಲ ಕೊಳ ಕಟ್ಟಿಸಿದೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಆಳ. ಇಟ್ಟಿಗೆ ಗೋಡೆ, ಒಳಗೆ ಸಿಮೆಂಟ್ ಗಾರೆ. ಗಾರೆ ಮುಗಿದ ಮೂರನೆಯ ದಿನವೇ ನೀರು ತುಂಬಿ, ಸಂಜೆ ಪೇಟೆಯಿಂದ ಆರು ಗೋಲ್ಡ್ ಫಿಶ್ ತಂದು ಬಿಟ್ಟೆ. ಮರುದಿನ ಬೆಳಿಗ್ಗೆ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಉಳಿದೆರಡೂ ಸತ್ತವು. ಮಗಳಿಗೆ ಆಗ ಏಳು ವರ್ಷ. ಅವಳು ಅವನ್ನೆಲ್ಲ ದಾಸವಾಳದ ಬುಡದಲ್ಲಿ ಹೂತು, ಕೈ ತೊಳೆದುಕೊಂಡು, ಒಂದು ಮಾತೂ ಆಡದೆ ಒಳಗೆ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ನೀರು ಕೆಟ್ಟಿರಬೇಕೆಂದುಕೊಂಡೆ. ಕೊಳ ಖಾಲಿ ಮಾಡಿ, ತೆಂಗಿನ ನಾರಿನಿಂದ ಗೋಡೆ ಉಜ್ಜಿ, ಮತ್ತೆ ತುಂಬಿದೆ. ಹತ್ತನೆಯ ದಿನಕ್ಕೆ ನೀರು ಪಾಲಕ್ ಸೊಪ್ಪು ಬೇಯಿಸಿದ ನೀರಿನ ಬಣ್ಣಕ್ಕೆ ತಿರುಗಿತು. ಮತ್ತೆ ಖಾಲಿ, ಮತ್ತೆ ಉಜ್ಜು, ಮತ್ತೆ ತುಂಬು. ಒಂದೇ ಬೇಸಿಗೆಯಲ್ಲಿ ನಾಲ್ಕು ಸಲ. ಬಾವಿಯ ನೀರು ತಳ ಕಂಡಿತು. ಆ ಬಾವಿಯ ಹೂಳೆತ್ತಲು ಬಂದಿದ್ದ ಹಿರಿಯರೊಬ್ಬರು ನನ್ನ ಕೆಲಸವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, “ಮೇಷ್ಟ್ರೇ, ಕೆರೆಯನ್ನು ಯಾರಾದರೂ ತೊಳೆಯುತ್ತಾರೆಯೇ?” ಎಂದು ಕೇಳಿದರು.

ಇವತ್ತು ನಾನು ಹೇಳಲು ಬಂದಿರುವುದರ ತಿರುಳು ಆ ಪ್ರಶ್ನೆಯಲ್ಲಿಯೇ ಇದೆ. ಬಚ್ಚಲ ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯುವುದು ನಮ್ಮ ಮನೆಗಳ ಒಳ್ಳೆಯ ಅಭ್ಯಾಸ. ಆ ನೀರನ್ನು ನಾವು ಬಳಸುತ್ತೇವೆ, ಅದರಲ್ಲಿ ಏನೂ ಬದುಕಿರಬಾರದು. ಕೊಳದ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಬದುಕಿರುವ ಜೀವಗಳೇ ನೀರನ್ನು ತಿಳಿಯಾಗಿ ಇಡುತ್ತವೆ. ಮೀನು ಹೊರಹಾಕುವ ಅಮೋನಿಯ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಇರುವುದು ನೀರಿನಲ್ಲಿ ತೇಲಿಕೊಂಡಲ್ಲ, ಕಲ್ಲು ಮತ್ತು ಗೋಡೆಗೆ ಹಿಡಿದ ಜಾರುವ ಲೋಳೆಯಲ್ಲಿ. ನಾನು ನಾರು ಹಿಡಿದು ಉಜ್ಜಿ ತೆಗೆದದ್ದು ಅದನ್ನೇ. ಹೊಸ ಕೊಳದಲ್ಲಿ ಈ ಲೋಳೆ ಕಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಆ ನಡುವೆ ನೀರು ಹಸಿರಾಗುವುದು ಸಹಜ. ಪ್ರತಿ ಸಲ ತೊಳೆದಾಗಲೂ ನಾನು ಮೊದಲ ದಿನಕ್ಕೆ ಮರಳುತ್ತಿದ್ದೆ.

ಈಗ ಯಾರಾದರೂ ಹೊಸ ಕೊಳ ಮಾಡಿದರೆ, ನಮ್ಮ ಕೊಳದಿಂದ ಎರಡು ಲೋಳೆಗಟ್ಟಿದ ಕಲ್ಲು ಮತ್ತು ಅರ್ಧ ಬಕೆಟ್ ತಳದ ಕೆಸರು ಕೊಟ್ಟು ಕಳುಹಿಸುತ್ತೇನೆ. ಹಾಲಿಗೆ ಹೆಪ್ಪು ಹಾಕಿದಂತೆ.

ಇನ್ನು ಜಾಗದ ವಿಚಾರಕ್ಕೆ ಬರೋಣ. ಹಿತ್ತಲಿನಲ್ಲಿ ಮಳೆ ನೀರು ತಾನಾಗಿ ಬಂದು ನಿಲ್ಲುವ ತಗ್ಗು ಕೊಳಕ್ಕೆ ಸರಿಯಾದ ಜಾಗ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು ಜಾಗ. ಗೊಬ್ಬರದ ನೀರು, ಸೋಪಿನ ನೀರು, ಕೊಟ್ಟಿಗೆಯ ನೀರು ಎಲ್ಲ ಅಲ್ಲಿಗೇ ಹರಿದು ಬಂದು ಪಾಚಿಗೆ ಹಬ್ಬದೂಟವಾಗುತ್ತದೆ. ನಮ್ಮ ಮಲೆನಾಡಿನ ಅಂಚಿನಲ್ಲಿ ಇನ್ನೊಂದು ತೊಡಕೂ ಇದೆ. ಜುಲೈ, ಆಗಸ್ಟ್ ತಿಂಗಳಲ್ಲಿ ತಗ್ಗಿನ ನೆಲದಲ್ಲಿ ಒರತೆ ಏಳುತ್ತದೆ. ಕೊಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಒರತೆಯ ನೀರು ಕೆಳಗಿನಿಂದ ಒತ್ತಿ, ಹಾಳೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ ಮೇಲೆ ಬರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಕೊಳವನ್ನು ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಕಟ್ಟುವುದು ಲೇಸು. ಮೇಲಿನ ಭಾಗಕ್ಕೆ ಜಂಬಿಟ್ಟಿಗೆಯ ಕಟ್ಟೆ ಚೆನ್ನಾಗಿ ಒಪ್ಪುತ್ತದೆ, ಕುಳಿತುಕೊಳ್ಳಲೂ ಆಗುತ್ತದೆ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ನೈದಿಲೆ, ತಾವರೆ ಹೂ ಬಿಡುವುದಿಲ್ಲ. ಇಡೀ ದಿನ ಸುಡುವ ಬಿಸಿಲಾದರೆ ನೀರು ಕಾಯುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನ ಮೂರರ ನಂತರ ಮನೆಯದೋ ಗೋಡೆಯದೋ ನೆರಳು ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮರದ ನೆರಳು ಬೇಡ. ಮಾವು, ಬೇವು, ಗುಲ್‌ಮೊಹರ್ ಮರಗಳ ಎಲೆ ಉದುರಿ ತಳದಲ್ಲಿ ಕೊಳೆಯುತ್ತದೆ, ಬೇರು ಗೋಡೆ ಸೀಳುತ್ತದೆ. ಮತ್ತೊಂದು ಮಾತು: ಅಡುಗೆಮನೆಯ ಕಿಟಕಿಯಿಂದ ಕಾಣುವಲ್ಲಿ ಮಾಡಿ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಕೊಳವನ್ನು ಯಾರೂ ಮರೆಯುವುದಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಮಾಡಿದ ಕೊಳ ಎರಡನೆಯ ವರ್ಷಕ್ಕೆ ಕಸದ ಗುಂಡಿಯಾದದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಈಗಲೇ ತೆರೆದ ಕೊಳ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಂಬೆಗಾಲಿಡುವ ಮಗು ಮುಳುಗಲು ಒಂದು ಅಡಿ ನೀರೂ ಬೇಡ, ಸದ್ದೂ ಆಗುವುದಿಲ್ಲ. ನೀರು ಬೇಕೇಬೇಕು ಎನ್ನುವುದಾದರೆ ಅಜ್ಜಿಯ ಕಾಲದ ಒರಳುಕಲ್ಲೋ ಕಲ್ಲುಬಾನಿಯೋ ಇದ್ದರೆ ಅದನ್ನು ಬಳಸಿಕೊಳ್ಳಿ. ನೆಲದೊಳಗೆ ಒಂದು ಡ್ರಮ್ ಹೂತು, ಅದರ ಬಾಯಿಗೆ ಗಟ್ಟಿಯಾದ ಕಬ್ಬಿಣದ ಜಾಲರಿ ಬೋಲ್ಟ್ ಹಾಕಿ ಬಿಗಿದು, ಜಾಲರಿಯ ಮೇಲೆ ಹೊಳೆಗಲ್ಲು ಹರಡಿ, ನಡುವೆ ಒರಳು ಇಟ್ಟು, ಡ್ರಮ್ಮಿನ ನೀರು ಪಂಪಿನಿಂದ ಮೇಲೆ ಬಂದು ಅದರ ಕುಳಿಯಿಂದ ಉಕ್ಕಿ ಕಲ್ಲಿನ ಸಂದಿಗೆ ಇಳಿಯುವಂತೆ ಮಾಡಬಹುದು. ಎಲ್ಲಿಯೂ ನಿಂತ ನೀರು ಕಾಣುವುದಿಲ್ಲ, ಸದ್ದು ಮಾತ್ರ ಇರುತ್ತದೆ. ಮಗು ದೊಡ್ಡದಾದ ಮೇಲೆ ಕೊಳದ ಮಾತು.

ಅಗೆಯುವ ಮೊದಲು ಹಗ್ಗ ಅಥವಾ ಹಳೆಯ ಹೋಸ್ ಪೈಪನ್ನು ನೆಲದ ಮೇಲೆ ಬೇಕಾದ ಆಕಾರಕ್ಕೆ ಹಾಸಿ, ಒಂದು ವಾರ ಹಾಗೆಯೇ ಬಿಡಿ. ಅದರ ಸುತ್ತ ಓಡಾಡಿ. ಬಟ್ಟೆ ಒಣಹಾಕಲು ಹೋಗುವ ದಾರಿಗೆ ಅಡ್ಡ ಬರುತ್ತದೆಯೇ ಎಂಬುದು ಆಗ ತಿಳಿಯುತ್ತದೆ.

ನನ್ನ ಅಳತೆಯ ಕೊಳದ ಲೆಕ್ಕವನ್ನೇ ಮುಂದಿಡುತ್ತೇನೆ. ಹತ್ತು, ಆರು, ಎರಡು ಗುಣಿಸಿದರೆ 120 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಲ್ಲಿಗೆ ಸುಮಾರು 3,400 ಲೀಟರ್, ಸಾವಿರ ಲೀಟರಿನ ಮೂರೂವರೆ ಟ್ಯಾಂಕ್. ಏಪ್ರಿಲ್ ತಿಂಗಳ ಬಿಸಿಲಿಗೆ ದಿನಕ್ಕೆ ಆರು ಮಿಲಿಮೀಟರ್ ಆವಿಯಾಯಿತು ಎಂದಿಟ್ಟುಕೊಂಡರೆ ದಿನಕ್ಕೆ 33 ಲೀಟರ್, ಎಂದರೆ ಎರಡು ಬಿಂದಿಗೆ. ಈ ಎರಡು ಬಿಂದಿಗೆಯನ್ನು ಬೇಸಿಗೆಯಲ್ಲಿ ಎಲ್ಲಿಂದ ತರುತ್ತೀರಿ ಎಂಬುದಕ್ಕೆ ಉತ್ತರವಿದ್ದರೆ ಮಾತ್ರ ಗುದ್ದಲಿ ಹಿಡಿಯಿರಿ. ಕುಡಿಯುವ ನೀರಿಗೇ ಕಷ್ಟವಿರುವ ಬಡಾವಣೆಯಲ್ಲಿ ಕೊಳ ಚಿಕ್ಕದಾಗಲಿ.

ಬರುವ ನೀರಿನ ಲೆಕ್ಕ ಹೇಗೆ ಮುಖ್ಯವೋ ಹೋಗುವ ನೀರಿನದೂ ಹಾಗೆಯೇ. ಕೆರೆ ಕಟ್ಟಿದ ನಮ್ಮ ಹಿಂದಿನವರ ಮಾತುಗಳಲ್ಲೇ ಇದು ಇದೆ: ಏರಿ, ತೂಬು, ಕೋಡಿ. ಏರಿ ನೀರನ್ನು ಹಿಡಿಯುತ್ತದೆ, ತೂಬು ಬೇಕಾದಾಗ ಬಿಡುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ತಾನಾಗಿ ಹೊರಬೀಳುತ್ತದೆ. ಕೋಡಿಯಿಲ್ಲದ ಕೆರೆಯ ಏರಿ ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರ ಕೆಳದಿ ಅರಸರ ಕಾಲದ ದೇವಗಂಗೆ ಕೊಳಗಳಿವೆ. ನೋಡದವರು ಒಮ್ಮೆ ಹೋಗಿ ಬನ್ನಿ. ಗುಡ್ಡದ ಒರತೆಯ ನೀರು ದೊಡ್ಡ ಕೊಳಕ್ಕೆ ಬರುತ್ತದೆ, ಪಕ್ಕದಲ್ಲಿ ಬೇರೆ ಬೇರೆ ಆಕಾರದ ಚಿಕ್ಕ ಕೊಳಗಳಿವೆ, ನೀರು ಒಂದರಿಂದ ಒಂದಕ್ಕೆ ಹಾದು ಹೊರಗೆ ಹೋಗುತ್ತದೆ. ಪಂಪಿಲ್ಲ, ಫಿಲ್ಟರಿಲ್ಲ. ನಾನು ಅಲ್ಲಿ ಕಲ್ಲಿನ ಕೆತ್ತನೆಗಿಂತ ನೀರು ಒಳಬರುವ ಮತ್ತು ಹೊರಹೋಗುವ ಬಾಯಿಗಳನ್ನು ನೋಡುತ್ತ ಹೆಚ್ಚು ಹೊತ್ತು ನಿಂತಿದ್ದೆ.

ನಿಮ್ಮ ಹಿತ್ತಲ ಕೊಳಕ್ಕೂ ಕೋಡಿ ಬೇಕು. 600 ಚದರ ಅಡಿ ಮಾಡಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 1,400 ಲೀಟರ್ ನೀರು ಇಳಿಯುತ್ತದೆ. ಮಾಡಿನ ಪೈಪನ್ನು ಕೊಳಕ್ಕೆ ತಿರುಗಿಸಿದ್ದರೆ ಇದೆಲ್ಲ ಅರ್ಧ ಗಂಟೆಯಲ್ಲಿ ಅಲ್ಲಿಗೆ ಬರುತ್ತದೆ. ಅಂಚಿನಿಂದ ಎರಡು ಇಂಚು ಕೆಳಗೆ, ಮೂರು ಇಂಚಿನ ಪಿವಿಸಿ ಪೈಪ್ ಕೂರಿಸಿ, ಬಾಯಿಗೆ ಜಾಲರಿ ಕಟ್ಟಿ, ಇನ್ನೊಂದು ತುದಿಯನ್ನು ಬಾಳೆಯ ಬುಡಕ್ಕೋ ಇಂಗುಗುಂಡಿಗೋ ಬಿಡಿ. ಮನೆಯ ಅಡಿಪಾಯದ ಕಡೆಗೆ ಮಾತ್ರ ಬೇಡ. ಮೊದಲ ಒಂದೆರಡು ಮಳೆಯ ನೀರನ್ನು ಕೊಳಕ್ಕೆ ಬಿಡದೆ ಹೊರಗೆ ಹರಿಸಿ. ಮಾಡಿನ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಅದರಲ್ಲಿಯೇ ಹೋಗುತ್ತದೆ.

ಕಟ್ಟುವುದರಲ್ಲಿ ಎರಡು ದಾರಿ. ಸಿಮೆಂಟ್ ಒಂದು, ಹಾಳೆ ಇನ್ನೊಂದು. ಸಿಮೆಂಟ್ ಕೊಳ ಗಟ್ಟಿ, ಆದರೆ ಅದು ಹೊಸದರಲ್ಲಿ ಸುಣ್ಣ ಬಿಡುತ್ತದೆ. ನೀರಿನ ಪಿಎಚ್, ಎಂದರೆ ಹುಳಿ ಮತ್ತು ಕ್ಷಾರದ ಅಳತೆ, 11ರ ಮೇಲೆ ಹೋಗುತ್ತದೆ. ಮೀನಿಗೆ ಬೇಕಾದದ್ದು ಆರೂವರೆಯಿಂದ ಎಂಟೂವರೆ. ನನ್ನ ಆರು ಮೀನು ಸತ್ತದ್ದು ಇದರಿಂದ. ಗಾರೆಯನ್ನು ಮೂರು ವಾರ ಒದ್ದೆಯಾಗಿಟ್ಟು ಕ್ಯೂರಿಂಗ್ ಕೊಟ್ಟು, ಆಮೇಲೆ ನೀರು ತುಂಬಿ ಒಂದು ವಾರ ಬಿಟ್ಟು ಹೊರಹಾಕಿ. ಹೀಗೆ ಮೂರು ಸಲ. ತೊಳೆಯಬೇಡಿ ಎನ್ನುವ ನಾನೇ ಇಲ್ಲಿ ಮೂರು ಸಲ ಖಾಲಿ ಮಾಡಿ ಎನ್ನುತ್ತಿದ್ದೇನೆ, ಏಕೆಂದರೆ ಆಗ ಅದರಲ್ಲಿ ಜೀವವೇ ಇರುವುದಿಲ್ಲ. ಪಿಎಚ್ ನೋಡುವ ಕಾಗದದ ಪಟ್ಟಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಅದು ಎಂಟರ ಆಸುಪಾಸು ತೋರಿಸುವವರೆಗೆ ಮೀನು ತರಬೇಡಿ.

ಈಗ ನಾನು ಹೆಚ್ಚಾಗಿ ಹೇಳುವುದು ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ದಪ್ಪದ ಹಾಳೆಯನ್ನು. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡಗಳ ನಂತರ ಅದು ಎಲ್ಲ ಊರುಗಳಲ್ಲೂ ಸಿಗುತ್ತಿದೆ. ನೀಲಿ ಟಾರ್ಪಾಲು ಬೇಡ, ಬಿಸಿಲಿಗೆ ಬೇಗ ಸಿಗಿಯುತ್ತದೆ. ಹಾಳೆಯ ಅಳತೆ ಹೀಗೆ: ಕೊಳದ ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆಂದು ಇನ್ನೆರಡು ಅಡಿ ಸೇರಿಸಿ. ಅಗಲಕ್ಕೂ ಅದೇ. ನನ್ನ ಕೊಳಕ್ಕಾದರೆ 16 ಅಡಿಗೆ 12 ಅಡಿ. ಹಾಸುವ ಮೊದಲು ಗುಂಡಿಯ ಒಳಗೆ ಬರಿಗೈಯಾಡಿಸಿ ಪ್ರತಿಯೊಂದು ಕಲ್ಲು, ಬೇರಿನ ಮೊನೆ ತೆಗೆಯಿರಿ. ಎರಡು ಇಂಚು ಮರಳು, ಅದರ ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರ್ ಎರಡು ಪದರ, ಆಮೇಲೆ ಹಾಳೆ. ಫ್ಲೆಕ್ಸನ್ನೇ ಹಾಳೆಯಾಗಿ ಬಳಸಿದವರಿದ್ದಾರೆ. ಬಿಸಿಲಿಗೆ ಅದು ಬಿರಿಯುತ್ತದೆ. ಅಡಿಯಲ್ಲಿ ಹಾಸಲು ಮಾತ್ರ ಅದು ಒಳ್ಳೆಯದು. ಹೆಗ್ಗಣದ ಕಾಟವಿರುವ ಹಿತ್ತಲಾದರೆ ಸಿಮೆಂಟೇ ಸರಿ. ಹೆಗ್ಗಣ ಎಂತಹ ಹಾಳೆಯನ್ನೂ ಕಡಿಯುತ್ತದೆ.

ಗೋಡೆಯನ್ನು ನೇರ ಇಳಿಸದೆ, ಒಂಬತ್ತು ಇಂಚು ಆಳದಲ್ಲಿ ಒಂದು ಅಡಿ ಅಗಲದ ಮೆಟ್ಟಿಲು ಬಿಡಿ. ಕಲ್ಯಾಣಿಗೆ ಮೆಟ್ಟಿಲಿದ್ದಂತೆ. ಅಂಚಿನ ಗಿಡದ ಕುಂಡ ಅಲ್ಲಿ ಕೂರುತ್ತದೆ, ನೀರಿಗೆ ಬಿದ್ದ ಅಳಿಲು, ಓತಿಕ್ಯಾತ ಹತ್ತಿ ಬರುತ್ತವೆ. ನಡುವಿನ ಆಳ ಎರಡು ಅಡಿಗಿಂತ ಕಡಿಮೆಯಾಗದಿರಲಿ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಮಿನಷ್ಟು ಹಿಡಿದರೆ 30 ಡಿಗ್ರಿಯ ನೀರು ಏಳೂವರೆ ಮಾತ್ರ. ಮೇ ತಿಂಗಳ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅವು ಹಸಿದಿಲ್ಲ, ಉಸಿರು ಕಟ್ಟುತ್ತಿದೆ.

ಅಂಚಿನ ಮಟ್ಟದ ವಿಚಾರದಲ್ಲಿ ರಾಜಿ ಬೇಡ. ಹತ್ತು ಅಡಿ ಉದ್ದದಲ್ಲಿ ಒಂದು ಇಂಚು ವ್ಯತ್ಯಾಸವಾದರೂ ಒಂದು ಕಡೆ ನೀರು ತುಳುಕುತ್ತದೆ, ಇನ್ನೊಂದು ಕಡೆ ಹಾಳೆ ಇಣುಕುತ್ತದೆ. ಕಣ್ಣಳತೆಯನ್ನು ನಂಬಬೇಡಿ, ರಸಮಟ್ಟವೂ ಅಷ್ಟು ದೂರಕ್ಕೆ ಸಾಲದು. ಗಾರೆಯವರು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಇಬ್ಬರು ಎರಡು ತುದಿ ಹಿಡಿದು ಸುತ್ತಲೂ ಗುರುತು ಹಾಕಿ. ಹಾಳೆಯ ತುದಿಯನ್ನು ಮಣ್ಣಿನಲ್ಲಿ ಹೂಳುವ ಮೊದಲು ಕಲ್ಲಿನ ಹಿಂದೆ ಮೇಲಕ್ಕೆ ಎಬ್ಬಿಸಿ ನಿಲ್ಲಿಸಿ. ಇಲ್ಲದಿದ್ದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ಅಂಚಿನ ಹುಲ್ಲು ಮತ್ತು ಮಣ್ಣು ರಾತ್ರಿ ಹಗಲು ಕೊಳದ ನೀರು ಹೀರುತ್ತವೆ, ನೀವು ಸೋರಿಕೆ ಎಂದು ತಿಳಿದು ಹಾಳೆಯಲ್ಲಿ ತೂತು ಹುಡುಕುತ್ತೀರಿ.

ಸೋರಿಕೆಯ ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆ. ಬಕೆಟ್ಟಿಗೆ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ, ನೀರಿನೊಳಗೆ ಕೂರಿಸಿ. ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೊಂದು, ಹೊರಗೆ ಕೊಳದ ಮಟ್ಟಕ್ಕೊಂದು ಗೆರೆ ಎಳೆಯಿರಿ. ಪಂಪ್ ನಿಲ್ಲಿಸಿ, ಎರಡು ದಿನ ಬಿಡಿ. ಎರಡೂ ಸಮಸಮ ಇಳಿದಿದ್ದರೆ ಅದು ಸೂರ್ಯನ ಪಾಲು. ಕೊಳ ಹೆಚ್ಚು ಇಳಿದಿದ್ದರೆ ಸೋರುತ್ತಿದೆ. ಎಲ್ಲಿಗೆ ಬಂದು ಇಳಿಯುವುದು ನಿಲ್ಲುತ್ತದೆಯೋ ಆ ಮಟ್ಟದಲ್ಲಿ ತೂತು ಹುಡುಕಿ.

ಪಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಡ ಚೆನ್ನಾಗಿದ್ದು ಮೀನು ಕಡಿಮೆಯಿದ್ದರೆ ಪಂಪಿಲ್ಲದೆಯೂ ನಡೆಯುತ್ತದೆ. ನೀರಿನ ಸದ್ದು ಬೇಕೆನ್ನುವವರು ಕೊಳದ ಇಡೀ ನೀರು ಎರಡು ಗಂಟೆಗೊಮ್ಮೆ ತಿರುಗುವಷ್ಟು ಶಕ್ತಿಯ ಪಂಪ್ ಕೊಳ್ಳಿ. 20 ವಾಟಿನದು ದಿನವಿಡೀ ನಡೆದರೂ ತಿಂಗಳಿಗೆ 14 ಯೂನಿಟ್ಟಿನ ಆಸುಪಾಸು. ಆದರೆ ವಿದ್ಯುತ್ ಮತ್ತು ನೀರು ಒಂದೆಡೆ ಸೇರುವಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು, ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ನೈದಿಲೆಗೆ ಕಾರಂಜಿಯ ಹನಿ ಬೀಳುವುದು ಹಿಡಿಸುವುದಿಲ್ಲ, ಎರಡನ್ನೂ ದೂರವಿಡಿ.

ಗಿಡಗಳಿಗೆ ಬರುತ್ತೇನೆ. ತಾವರೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ನೀರು ಅದರ ಮೇಲೆ ಮುತ್ತಾಗಿ ಉರುಳುತ್ತದೆ. ನೈದಿಲೆಯ ಎಲೆ ನೀರಿನ ಮೇಲೆಯೇ ಒರಗುತ್ತದೆ, ಅದಕ್ಕೊಂದು ಸೀಳಿರುತ್ತದೆ. ಮೊದಲ ಕೊಳಕ್ಕೆ ನೈದಿಲೆ ಸಾಕು. ತೂತಿಲ್ಲದ ಅಗಲ ಬಾಯಿಯ ಟಬ್ಬಿಗೆ ಗದ್ದೆಯ ಜಿಗುಟು ಮಣ್ಣು ತುಂಬಿ ಗಡ್ಡೆ ನೆಡಿ. ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಬೇಡವೇ ಬೇಡ; ಅವು ತೇಲಿ ನೀರು ಕೆಡಿಸುತ್ತವೆ. ಮೇಲೆ ಒಂದು ಇಂಚು ದಪ್ಪ ಮರಳು ಹರಡಿ. ತಾವರೆಯನ್ನು ಬೀಜದಿಂದಲೇ ಬೆಳೆಸುವ ಆಸೆಯಿರುವವರು ಬೀಜದ ಕಪ್ಪು ಸಿಪ್ಪೆಯನ್ನು ಸಿಮೆಂಟ್ ನೆಲಕ್ಕೆ ಉಜ್ಜಿ, ಒಳಗಿನ ಬಿಳುಪು ಕಂಡೊಡನೆ ನಿಲ್ಲಿಸಿ, ಲೋಟದ ನೀರಿಗೆ ಹಾಕಿ ದಿನವೂ ನೀರು ಬದಲಿಸಲಿ. ವಾರದೊಳಗೆ ಹಸಿರು ಮೊಳಕೆ ಹೊರಬರುತ್ತದೆ. ಆ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯ ತಾವರೆ ಬೀಜವೂ ಮೊಳೆತಿದೆ.

ನೀರಿನ ಮೇಲ್ಮೈಯ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಎಲೆಯಿಂದ ಮುಚ್ಚಿದ ದಿನ ಹಸಿರು ನೀರಿನ ಕಾಟ ಮುಗಿಯಿತೆಂದು ತಿಳಿಯಿರಿ. ಪಾಚಿಗೆ ಬೇಕಾದ ಬೆಳಕನ್ನು ಎಲೆ ತಡೆಯುತ್ತದೆ, ಗೊಬ್ಬರವನ್ನು ಬೇರು ತಿನ್ನುತ್ತದೆ. ಮೆಟ್ಟಿಲಿನ ಮೇಲೆ ಬಜೆ ಇಡಿ, ಅಂಚಿನ ಒದ್ದೆ ಮಣ್ಣಿಗೆ ಒಂದೆಲಗ ಹಚ್ಚಿ. ನಮ್ಮ ಮನೆಯಲ್ಲಿ ಬೇಸಿಗೆಯ ತಂಬುಳಿಗೆ ಒಂದೆಲಗವನ್ನು ಪೇಟೆಯಿಂದ ತಂದು ಎಷ್ಟೋ ವರ್ಷವಾಯಿತು. ಜೊಂಡು ಮಾತ್ರ ಬೇಡ, ಅದರ ಬೇರಿನ ಮೊನೆ ಹಾಳೆಯನ್ನು ಚುಚ್ಚುತ್ತದೆ. ನೇರಳೆ ಹೂವಿನ ವಾಟರ್ ಹಯಸಿಂತ್ ನೋಡಲು ಚೆಂದ, ಆದರೆ ದಕ್ಷಿಣ ಅಮೆರಿಕದಿಂದ ಬಂದ ಆ ಗಿಡ ನಮ್ಮ ಕೆರೆಗಳನ್ನು ಏನು ಮಾಡಿದೆ ಎಂದು ನಿಮಗೆಲ್ಲ ಗೊತ್ತು. ನಿಮ್ಮ ಕೊಳದ ಕೋಡಿಯಿಂದ ಒಂದು ತುಂಡು ಚರಂಡಿಗೆ ಬಿದ್ದರೂ ಸಾಕು, ಅದು ಮುಂದಿನ ಕೆರೆ ತಲುಪುತ್ತದೆ.

ಮೀನಿನ ವಿಚಾರದಲ್ಲಿ ಎಲ್ಲರೂ ಎಡವುವುದು ಸಂಖ್ಯೆಯಲ್ಲಿ. 3,400 ಲೀಟರಿಗೆ ಹತ್ತು ಹನ್ನೆರಡು ಸಣ್ಣ ಮೀನಿನಿಂದ ಆರಂಭಿಸಿ. ಕೋಯಿ ಮೀನು ಎರಡು ಅಡಿ ಉದ್ದ ಬೆಳೆಯುವ ಜೀವ, ಇಷ್ಟು ಚಿಕ್ಕ ಕೊಳದಲ್ಲಿ ಅದನ್ನಿಡುವುದು ಹಿಂಸೆ. ನಲ್ಲಿ ನೀರು ತುಂಬಿದ್ದರೆ ಕ್ಲೋರಿನ್ ಹೋಗಲು ಎರಡು ದಿನ ತೆರೆದಿಡಿ. ಇನ್ನು ಆಹಾರ: ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನಿಗೆ ಮಂಡಕ್ಕಿ ಹಾಕಿದ ನೆನಪು ನಮಗೆಲ್ಲ ಇದೆ. ಅದೇ ಕೈ ಮನೆಯ ಕೊಳಕ್ಕೂ ಬೊಗಸೆ ತುಂಬ ಹಾಕುತ್ತದೆ. ತುಂಗೆ ಹರಿಯುತ್ತಾಳೆ, ಉಳಿದದ್ದನ್ನು ಹೊತ್ತೊಯ್ಯುತ್ತಾಳೆ. ಕೊಳದಲ್ಲಿ ಉಳಿದದ್ದು ತಳದಲ್ಲಿಯೇ ಕೊಳೆಯುತ್ತದೆ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಮ್ಮೆ. ಒಂದು ವಾರ ಊರಿಗೆ ಹೋದರೆ ಏನೂ ಹಾಕದೆ ಹೋಗಿ. ಪಾಚಿ, ಹುಳ ತಿಂದುಕೊಂಡು ಅವು ಚೆನ್ನಾಗಿಯೇ ಇರುತ್ತವೆ.

ಇಷ್ಟಾದ ಮೇಲೆ ನಿಮ್ಮ ಕೆಲಸ ಬಹಳ ಕಡಿಮೆ. ವಾರಕ್ಕೊಮ್ಮೆ ಹಳದಿಯಾದ ಎಲೆ, ಬಾಡಿದ ಹೂ ಕತ್ತರಿಸಿ ತೆಗೆಯಿರಿ. ಬೇಸಿಗೆಯಲ್ಲಿ ಆವಿಯಾದಷ್ಟು ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಎರಡು ಮೂರು ವರ್ಷಕ್ಕೊಮ್ಮೆ ಹೂಳೆತ್ತಿ, ಅದೂ ಅರ್ಧ ಮಾತ್ರ. ಮೀನನ್ನು ಅದೇ ಕೊಳದ ನೀರು ತುಂಬಿದ ಟಬ್ಬಿನಲ್ಲಿಟ್ಟು, ಅರ್ಧ ಹೂಳು ತೆಗೆದು, ಅದೇ ನೀರನ್ನು ಮರಳಿ ತುಂಬಿ. ಕೆರೆಯ ಗೋಡನ್ನು ರೈತರು ಹೊಲಕ್ಕೆ ಒಯ್ಯುವಂತೆ ಈ ಹೂಳು ಗುಲಾಬಿ, ಕರಿಬೇವಿನ ಬುಡಕ್ಕೆ ಹೋಗಲಿ. ಸೋಪು, ಬ್ಲೀಚಿಂಗ್ ಪೌಡರ್, ಬ್ರಷ್ ಈ ಮೂರೂ ಕೊಳದ ಹತ್ತಿರ ಸುಳಿಯಬಾರದು.

ತೊಳೆಯದೆ ಬಿಟ್ಟ ಮೂರನೆಯ ವರ್ಷ, ಜೂನ್ ತಿಂಗಳ ಒಂದು ಬೆಳಿಗ್ಗೆ ನಡೆದದ್ದನ್ನು ಹೇಳಬೇಕು. ರಾತ್ರಿಯಿಡೀ ಮಳೆ ಸುರಿದಿತ್ತು. ಬಜೆಯ ಎಲೆಗಳ ನಡುವೆ, ನೀರಿನಿಂದ ಒಂದು ಗೇಣು ಮೇಲೆ, ಕೊಳದ ಗೋಡೆಗೆ ಮುಷ್ಟಿಗಾತ್ರದ ಬಿಳಿ ನೊರೆ ಅಂಟಿಕೊಂಡಿತ್ತು. ಬಟ್ಟೆ ಒಗೆದ ನೊರೆ ಹಾರಿ ಬಿದ್ದಿದೆ ಎಂದು ತಿಳಿದು ನಮ್ಮ ಅತ್ತೆಯವರು ಚೊಂಬಿನಲ್ಲಿ ನೀರು ತಂದು ತೊಳೆಯಲು ಕೈ ಎತ್ತಿದ್ದರು. ಅಷ್ಟರಲ್ಲಿ ಮಗಳು ಬಂದು ತಡೆದಳು. ನೊರೆಯ ಪಕ್ಕದಲ್ಲಿ, ಒದ್ದೆ ಕಲ್ಲಿನದೇ ಬಣ್ಣದ ಮರಗಪ್ಪೆಯೊಂದು ಕಾಲು ಮಡಚಿ ಕುಳಿತಿದ್ದುದನ್ನು ಅವಳು ಕಂಡಿದ್ದಳು. ರಾತ್ರಿ ಕಪ್ಪೆಗಳು ಕಾಲಿನಿಂದ ಕಡೆದು ಮಾಡಿದ ಗೂಡು ಅದು, ಒಳಗೆ ಮೊಟ್ಟೆಗಳಿದ್ದವು. ಹೊರಗಿನ ಪದರ ಎರಡು ದಿನದಲ್ಲಿ ಒಣಗಿ ಹಪ್ಪಳದಂತೆ ಗಟ್ಟಿಯಾಯಿತು. ನಾಲ್ಕೈದು ದಿನವಾದ ಮೇಲೆ ಕೆಳಗಿನ ಭಾಗ ಕರಗಿ ಜೋತುಬಿತ್ತು, ಅದರಿಂದ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ತೊಟ್ಟಿಕ್ಕಿದವು. ಮಗಳು ಮತ್ತು ಅತ್ತೆಯವರು ಇಬ್ಬರೂ ಕೊಡೆ ಹಿಡಿದು ಜಂಬಿಟ್ಟಿಗೆಯ ಮೇಲೆ ಕುಳಿತು ಎಣಿಸಲು ನೋಡಿದರು. ನೂರರ ನಂತರ ಲೆಕ್ಕ ತಪ್ಪಿತು.

ಇನ್ನು ನಿಮ್ಮ ಪ್ರಶ್ನೆಗಳು.

“ಡೆಂಗಿ ಇಷ್ಟು ಹೆಚ್ಚಿರುವಾಗ ಮನೆಯ ಹತ್ತಿರ ನೀರು ನಿಲ್ಲಿಸುವುದು ಸರಿಯೇ?” ಎಂದು ಮುಂದಿನ ಸಾಲಿನ ತಾಯಿಯೊಬ್ಬರು ಕೇಳಿದರು. ಬಹಳ ನ್ಯಾಯವಾದ ಭಯ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಮೀನಿಲ್ಲದ ಕೊಳದಲ್ಲಿ ಒಂದೇ ನೀರನ್ನು ಒಂದು ವಾರಕ್ಕಿಂತ ಹೆಚ್ಚು ಬಿಡಬೇಡಿ. ಮೀನಿರುವ ಕೊಳದಲ್ಲಿ ಸೊಳ್ಳೆಯ ಮರಿ ಉಳಿಯುವುದಿಲ್ಲ. ಡೆಂಗಿಯ ಸೊಳ್ಳೆ ಹುಡುಕುವುದು ಎಳನೀರಿನ ಚಿಪ್ಪು, ಟೈರು, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ಮೊದಲು ಅವನ್ನು ನೋಡಿ. ಮೀನಿನ ಆಯ್ಕೆಯಲ್ಲಿ ಎಚ್ಚರ ಬೇಕು. ಗ್ಯಾಂಬೂಸಿಯ ಎಂಬ ಮೀನು ಸೊಳ್ಳೆ ಮರಿ ತಿನ್ನುತ್ತದೆ ನಿಜ. ಉತ್ತರ ಅಮೆರಿಕ ಮೂಲದ ಆ ಮೀನನ್ನು 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದದ್ದೂ ಅದಕ್ಕಾಗಿಯೇ. ಆದರೆ ಅದು ಗೊದಮೊಟ್ಟೆಯನ್ನೂ ನಮ್ಮ ಹಳ್ಳದ ಮೀನುಗಳ ಮರಿಯನ್ನೂ ಬಿಡುವುದಿಲ್ಲ. ನಮ್ಮಲ್ಲಿಯದೇ ಆದ ಪಂಚಾಕ್ಸ್ ಮೀನಿದೆ, ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಇಟ್ಟಂತೆ ಹೊಳೆಯುತ್ತದೆ. ನೀರಿನ ಮೇಲ್ಪದರದಲ್ಲಿಯೇ ಸುತ್ತುವ ಅದು ಸೊಳ್ಳೆ ಮರಿಗೆ ಯಮ. ಜೀಬ್ರಾ ಡೇನಿಯೊ ಕೂಡ ನಮ್ಮದೇ. ಎರಡು ಮಳೆಗಾಲ ಕಳೆದ ಮೇಲೆ ಏರೋಪ್ಲೇನ್ ಚಿಟ್ಟೆಗಳು ತಾವಾಗಿ ಬರುತ್ತವೆ, ಅವುಗಳ ಮರಿ ನೀರಿನೊಳಗೆ ಸೊಳ್ಳೆಯನ್ನು ತಿನ್ನುತ್ತದೆ, ದೊಡ್ಡದಾದ ಮೇಲೆ ಗಾಳಿಯಲ್ಲಿ ತಿನ್ನುತ್ತದೆ. ಯಾವ ಮೀನನ್ನೇ ಸಾಕಿ, ಬೇಡವಾದಾಗ ಕೆರೆಗೋ ಹೊಳೆಗೋ ಬಿಡಬೇಡಿ.

“ಹಾವು ಬರುವುದಿಲ್ಲವೇ?” ಬರಬಹುದು. ಕಪ್ಪೆ ಇರುವಲ್ಲಿ ನೀರೊಳ್ಳೆ ಬರುತ್ತದೆ. ಅದಕ್ಕೆ ವಿಷವಿಲ್ಲ, ಕೆಣಕದಿದ್ದರೆ ತನ್ನ ಪಾಡಿಗೆ ಹೋಗುತ್ತದೆ. ಹೊಡೆಯಬೇಡಿ. ಕೊಳದ ಸುತ್ತ ಎರಡು ಅಡಿ ಹುಲ್ಲು ಕತ್ತರಿಸಿಡಿ, ಕಲ್ಲಿನ ರಾಶಿ, ಕಟ್ಟಿಗೆಯ ಒಟ್ಟಿಲು ಹತ್ತಿರ ಬೇಡ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೋಗಬೇಡಿ, ಎಲ್ಲ ಹಾವೂ ನೀರೊಳ್ಳೆಯಾಗಿರುವುದಿಲ್ಲ.

“ತಾರಸಿಯ ಮೇಲೆ ಮಾಡಬಹುದೇ?” ಎರಡು ಅಡಿ ನೀರೆಂದರೆ ಪ್ರತಿ ಚದರ ಮೀಟರಿಗೆ 600 ಕಿಲೋ. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಓಡಾಟದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಎಂಜಿನಿಯರ್ ನೋಡಿ ಒಪ್ಪದೆ ಬೇಡ.

“ನಮ್ಮದು ಬಾಡಿಗೆ ಮನೆ, ಅಂಗಳವೂ ಇಲ್ಲ, ಮೆಟ್ಟಿಲ ಪಕ್ಕ ನಾಲ್ಕು ಅಡಿ ಜಾಗ,” ಎಂದು ಹಿಂದೆ ನಿಂತಿದ್ದ ಯುವಕರೊಬ್ಬರು ಹೇಳಿದರು. ಅವರಿಗೆ ಹೇಳಿದ್ದು ಇಷ್ಟು: ಬಾಯಿ ಎರಡಡಿ ಅಗಲವಿರುವ ಒಂದು ಟಬ್, ಅದರೊಳಗೆ ಸಣ್ಣ ಕುಂಡದಲ್ಲಿ ಒಂದು ನೈದಿಲೆ, ನೀರೊಳಗೆ ಬೆಳೆಯುವ ಹೈಡ್ರಿಲ ಗಿಡ ಒಂದು ಹಿಡಿ, ನಾಲ್ಕು ಪಂಚಾಕ್ಸ್. ಪಂಚಾಕ್ಸ್ ನೆಗೆಯುವ ಮೀನು, ಆದ್ದರಿಂದ ನೀರು ಅಂಚಿನಿಂದ ನಾಲ್ಕು ಇಂಚು ಕೆಳಗಿರಲಿ. ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ನೀರು ಹಸಿರಾದರೆ ಆರು ವಾರ ಸುಮ್ಮನಿರಿ. ಬಾಗಿಲ ಬಳಿ ನೀಲಿ ಬಕೆಟ್ಟಿನಲ್ಲಿ ನೈದಿಲೆಯ ಗಡ್ಡೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದೇನೆ, ಮೂವತ್ತಿವೆ. ಪಕ್ಕದ ಡಬ್ಬಿಯಲ್ಲಿ ಲೋಳೆಗಟ್ಟಿದ ಕಲ್ಲುಗಳಿವೆ. ಮನೆಗೆ ಒಂದೊಂದು ತೆಗೆದುಕೊಂಡು ಹೋಗಿ, ಕಲ್ಲನ್ನು ದಾರಿಯಲ್ಲಿ ಒಣಗಲು ಬಿಡಬೇಡಿ, ಮನೆಗೆ ಹೋದ ಮೇಲೆ ನಲ್ಲಿಯ ಕೆಳಗೆ ಹಿಡಿದು ತೊಳೆಯಲೂಬೇಡಿ.